ಅಲ್ಪಾಯುಷಿ ಮುದ್ದಣ

ಘಟಪ್ರಭಾ ನದಿಯ ಸೀಮೆಯಲ್ಲಿ, ಮುಧೋಳಕ್ಕೆ ಸಮೀಪದಲ್ಲಿ ರನ್ನ ಬೆಳಗಲಿ ಎಂಬ ಊರಿದೆ. ಊರಿನ ಹೆಸರಿನೊಡನೆ ಕವಿಯ ಹೆಸರು ಹೀಗೆ ಕೂಡಿಕೊಳ್ಳುವುದು ಅಪರೂಪ. ಕ್ರಿ.ಶ. 949ರಲ್ಲಿ ಈ ಸೀಮೆಯ ಬಳೆಗಾರರ ಮನೆಯೊಂದರಲ್ಲಿ ರನ್ನನು ಹುಟ್ಟಿದನು. ಬಳೆ ಮಾರುವ ವೃತ್ತಿಯನ್ನು ಬಿಟ್ಟು, ವಿದ್ಯೆಯ ಹಂಬಲದಿಂದ ದೂರದ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡನು. ಚಾವುಂಡರಾಯನು ಅವನಿಗೆ ಆಶ್ರಯವಿತ್ತನು. ದಾನಚಿಂತಾಮಣಿ ಅತ್ತಿಮಬ್ಬೆಯು ಅವನಿಂದ ಪುರಾಣವನ್ನು ಬರೆಸಿದಳು. ಚಾಲುಕ್ಯ ದೊರೆಗಳು ಅವನನ್ನು ಕವಿಚಕ್ರವರ್ತಿಯೆಂದು ಮನ್ನಿಸಿದರು. 993ರಲ್ಲಿ ಅಜಿತಪುರಾಣವು ಮುಗಿದಾಗ ರನ್ನನಿಗೆ 44 ವರ್ಷ ವಯಸ್ಸು. ಪ್ರತಿಭೆ, ಆಶ್ರಯ ಇವೆರಡರ ಜೊತೆಗೆ ಕಾವ್ಯವು ಪಕ್ವವಾಗುವಷ್ಟು ಆಯುಷ್ಯವೂ ಅವನಿಗೆ ದೊರಕಿತ್ತು.

ಒಂಬತ್ತು ನೂರು ವರ್ಷಗಳ ತರುವಾಯ ಕನ್ನಡ ನಾಡಿನ ಇನ್ನೊಂದು ಅಂಚಿನಲ್ಲಿ, ಪಡುವಣ ಕಡಲಿನ ತೀರದಲ್ಲಿ, ಅದೇ ಹಳಗನ್ನಡವನ್ನು ತನ್ನ ಉಸಿರಾಗಿ ಮಾಡಿಕೊಂಡ ಬಡ ಉಪಾಧ್ಯಾಯನೊಬ್ಬನು ಬಾಳಿದನು. ಅವನಿಗೂ ಪ್ರತಿಭೆಯಿತ್ತು, ಆದರೆ ರಾಜಾಶ್ರಯವಿರಲಿಲ್ಲ. ಆಯುಷ್ಯವಂತೂ ಇರಲೇ ಇಲ್ಲ. ಶ್ವಾಸಕೋಶವನ್ನು ಮೆಲ್ಲಮೆಲ್ಲನೆ ತಿನ್ನುವ ಕ್ಷಯರೋಗವು ಅವನನ್ನು 31 ವರ್ಷ ವಯಸ್ಸಿನಲ್ಲಿಯೇ ಕೊಂಡೊಯ್ದಿತು. ಅವನೇ ಮುದ್ದಣ. ಹೊಸಗನ್ನಡದ ಮುಂಬೆಳಗಿನ ಕವಿಯೆಂದು ಅವನನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ.

ಮುದ್ದಣನ ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಅವನು 1870ನೆಯ ಇಸವಿ ಜನವರಿ 24ರಂದು ಕಾರ್ಕಳ ತಾಲ್ಲೂಕಿನ ನಂದಳಿಕೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮಗು ನೋಡಲು ಚೆಲುವಾಗಿದ್ದುದರಿಂದ ಮನೆಯವರು ಅಕ್ಕರೆಯಿಂದ ಮುದ್ದಣನೆಂದು ಕರೆದರು. ಮುಂದೆ ಆ ಮುದ್ದಿನ ಹೆಸರೇ ಕನ್ನಡ ಸಾಹಿತ್ಯದಲ್ಲಿ ನೆಲೆಯಾಗಿ ನಿಂತಿತು. ಅಂದು ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ಸಂಸ್ಥಾನಕ್ಕೂ ಕರಾವಳಿಗೂ ನಡುವೆ ಘಟ್ಟದ ಗೋಡೆಯಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆ ಹೊತ್ತಿಗೆ ಮುದ್ದಣನು ತೀರಿಹೋಗಿ ಆರು ವರ್ಷಗಳಾಗಿದ್ದುವು.

ನಂದಳಿಕೆಯಂತಹ ಹಳ್ಳಿಯಲ್ಲಿ ಹುಟ್ಟಿದ ಹುಡುಗನಿಗೆ ಎರಡು ಪಾಠಶಾಲೆಗಳಿದ್ದುವು. ಅಕ್ಷರ ಕಲಿಸುವ ಊರಿನ ಶಾಲೆ ಒಂದು. ಇರುಳೆಲ್ಲ ಬೆಳಗುತ್ತಿದ್ದ ಯಕ್ಷಗಾನದ ಬಯಲಾಟ ಇನ್ನೊಂದು. ಮಳೆಗಾಲ ಕಳೆದು ಗದ್ದೆಯ ಕೊಯಿಲು ಮುಗಿದರೆ ಊರೂರಿನಲ್ಲಿಯೂ ಚೆಂಡೆಯ ಸದ್ದು. ಭಾಗವತನ ಹಾಡು, ವೇಷಧಾರಿಗಳ ಮಾತು, ರಾಮಾಯಣ ಮಹಾಭಾರತಗಳ ಕಥೆ ಇವೆಲ್ಲವೂ ಓದು ಬಾರದವರಿಗೂ ಕಿವಿಯ ಮೂಲಕವೇ ಕಾವ್ಯವನ್ನು ಉಣಿಸುತ್ತಿದ್ದುವು. ಮುದ್ದಣನ ಮನಸ್ಸಿನಲ್ಲಿ ರಾಗ, ತಾಳ ಮತ್ತು ಮಾತಿನ ಬೆಡಗು ಬೇರೂರಿದ್ದು ಈ ವಾತಾವರಣದಲ್ಲಿಯೇ. ಮುಂದೆ ಅವನು ಬರೆದ ಗದ್ಯವನ್ನು ಗಟ್ಟಿಯಾಗಿ ಓದಿದರೆ ಅದರ ನಡೆಯು ತಾನೇ ತಾನಾಗಿ ಕಿವಿಗೆ ಇಂಪಾಗುವುದಕ್ಕೆ ಇದೇ ಕಾರಣವಿರಬೇಕು.

ಹಳ್ಳಿಯ ವಿದ್ಯಾಭ್ಯಾಸ ಮುಗಿಸಿ ಮುದ್ದಣನು ಉಡುಪಿಗೆ ಬಂದನು. ಇಂಗ್ಲಿಷು ಕಲಿತು ಮುಂದುವರಿಯಬೇಕೆಂಬ ಆಸೆಯಿತ್ತು. ಆದರೆ ಮನೆಯ ಬಡತನವು ಅದಕ್ಕೆ ಅಡ್ಡಬಂದಿತು. ಆದಷ್ಟು ಬೇಗ ಸಂಪಾದನೆಗೆ ದಾರಿಯಾಗುವ ಶಿಕ್ಷಣವನ್ನು ಹಿಡಿಯುವುದು ಅನಿವಾರ್ಯವಾಯಿತು. ಅವನು ಉಪಾಧ್ಯಾಯರ ತರಬೇತಿಯನ್ನು ಪಡೆದನು. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣವನ್ನೂ ಕಲಿತುಬಂದನು. ಹೀಗೆ ಕವಿಯಾಗಬೇಕಾದವನು ಅಂಗಸಾಧನೆಯ ಉಪಾಧ್ಯಾಯನಾದನು. ಉಡುಪಿಯಲ್ಲಿಯೂ ಕೆಲಕಾಲ ಕುಂದಾಪುರದಲ್ಲಿಯೂ ಅವನು ಮಕ್ಕಳಿಗೆ ಕಸರತ್ತು ಕಲಿಸಿದನು. ಅನಂತರ ಕನ್ನಡ ಪಾಠವನ್ನೂ ಹೇಳಿದನು. ಎದೆಯುಬ್ಬಿಸಿ ಉಸಿರೆಳೆದುಕೊಳ್ಳುವುದು ಹೇಗೆ, ದೇಹವನ್ನು ಗಟ್ಟಿಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇತರರಿಗೆ ಕಲಿಸಿದವನ ಎದೆಯನ್ನೇ ರೋಗವು ತನ್ನ ಬೀಡನ್ನಾಗಿ ಮಾಡಿಕೊಂಡುದು ವಿಧಿಯ ಕ್ರೂರ ವಿನೋದವೆನ್ನಬೇಕು.

ವ್ಯಾಯಾಮ ಶಿಕ್ಷಕನ ಸಂಬಳ ಅಲ್ಪವಾಗಿತ್ತು. ಹಗಲೆಲ್ಲ ಶಾಲೆಯ ದುಡಿಮೆ. ಉಳಿದ ಹೊತ್ತು ಗ್ರಂಥಗಳ ಸಹವಾಸ. ಆ ಕಾಲದಲ್ಲಿ ಹಳಗನ್ನಡ ಕಾವ್ಯಗಳು ಒಂದೊಂದಾಗಿ ಓಲೆಗರಿಯಿಂದ ಅಚ್ಚಿನ ಪುಟಕ್ಕೆ ಬರತೊಡಗಿದ್ದುವು. ಮಂಗಳೂರಿನಲ್ಲಿ ಕಿಟ್ಟೆಲರು ಸಿದ್ಧಪಡಿಸಿದ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾಯಿತು. ಮೈಸೂರಿನಿಂದ ಹೊರಡುತ್ತಿದ್ದ ಕರ್ನಾಟಕ ಕಾವ್ಯಮಂಜರಿ ಎಂಬ ಮಾಸಪತ್ರಿಕೆಯು ಪ್ರಾಚೀನ ಗ್ರಂಥಗಳನ್ನು ಕಂತುಕಂತಾಗಿ ಓದುಗರ ಕೈಗಿಡುತ್ತಿತ್ತು. ಮುದ್ದಣನು ಇವನ್ನೆಲ್ಲ ಹಸಿದವನಂತೆ ಓದಿದನು. ಅವನಿಗೆ ಗುರುಕುಲವಿರಲಿಲ್ಲ, ರನ್ನನಿಗೆ ದೊರೆತಂತಹ ಆಚಾರ್ಯರಿರಲಿಲ್ಲ. ಸಾಹಿತ್ಯಾಭಿಮಾನಿಗಳಾದ ಕೆಲವು ಹಿರಿಯರ ಸ್ನೇಹ ಹಾಗೂ ತನ್ನ ಸ್ವಂತ ಪರಿಶ್ರಮ ಇಷ್ಟರಿಂದಲೇ ಅವನು ಹಳಗನ್ನಡವನ್ನು ಸಾಧಿಸಿದನು. ಆ ಭಾಷೆಯನ್ನು ತಿಳಿದುಕೊಳ್ಳುವುದು ಒಂದು ಮಾತು. ಅದರಲ್ಲಿ ಸರಾಗವಾಗಿ ನಗುವುದು, ಮುನಿಯುವುದು, ಸರಸವಾಡುವುದು ಇನ್ನೊಂದು ಮಾತು. ಮುದ್ದಣನು ಈ ಎರಡನೆಯ ಸಿದ್ಧಿಯನ್ನು ಪಡೆದನು.

ಅವನ ಮೊದಲ ರಚನೆಗಳು ಯಕ್ಷಗಾನ ಪ್ರಸಂಗಗಳು. ರತ್ನಾವತೀ ಕಲ್ಯಾಣ ಮತ್ತು ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಅವನು ಬರೆದನು. ಇವು ಕರಾವಳಿಯ ರಂಗಸ್ಥಳದಲ್ಲಿ ಜನಪ್ರಿಯವಾದುವು. ಈ ನಡುವೆ 1893ರಲ್ಲಿ ಶಿವಮೊಗ್ಗ ಸೀಮೆಯ ಕಾಗೆಕೋಡಮಗ್ಗಿಯ ಕಮಲಾಬಾಯಿಯೊಡನೆ ಅವನ ವಿವಾಹವಾಯಿತು. ಅವರಿಗೆ ಒಬ್ಬ ಮಗನು ಹುಟ್ಟಿದನು. ಸಂಸಾರ ಬೆಳೆಯಿತು, ಸಂಬಳ ಬೆಳೆಯಲಿಲ್ಲ. ಆದರೂ ಬರವಣಿಗೆ ನಿಲ್ಲಲಿಲ್ಲ. 1895ರಲ್ಲಿ ಅದ್ಭುತ ರಾಮಾಯಣ ಎಂಬ ಗದ್ಯಕೃತಿಯೂ 1896ರಲ್ಲಿ ಶ್ರೀರಾಮ ಪಟ್ಟಾಭಿಷೇಕ ಎಂಬ ಷಟ್ಪದೀ ಕಾವ್ಯವೂ ಬೆಳಕಿಗೆ ಬಂದುವು. ಅದ್ಭುತ ರಾಮಾಯಣದ ಕಥೆ ಹೆಸರಿಗೆ ತಕ್ಕಂತೆ ಅದ್ಭುತವಾದುದು. ಅದರಲ್ಲಿ ಸಾವಿರ ತಲೆಗಳ ರಾವಣನನ್ನು ಕೊಲ್ಲುವವನು ರಾಮನಲ್ಲ. ಸೀತೆಯೇ ರೌದ್ರರೂಪವನ್ನು ತಾಳಿ ಅವನನ್ನು ಸಂಹರಿಸುತ್ತಾಳೆ.

ಇಲ್ಲೊಂದು ಸ್ವಾರಸ್ಯವಿದೆ. ಮುದ್ದಣನು ತನ್ನ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳಲಿಲ್ಲ. ಇವು ತನಗೆ ದೊರೆತ ಹಳೆಯ ಗ್ರಂಥಗಳೆಂದೂ ತಾನು ಅವನ್ನು ಕಳುಹಿಸಿಕೊಡುವವನು ಮಾತ್ರವೆಂದೂ ತೋರುವಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದನು. ಭಾಷೆಯು ಎಷ್ಟು ಹಳತಾಗಿ, ಎಷ್ಟು ಸಹಜವಾಗಿ ಇತ್ತೆಂದರೆ ವಿದ್ವಾಂಸರು ಸಂಶಯಪಡಲಿಲ್ಲ. ಉಡುಪಿಯ ಬಡ ವ್ಯಾಯಾಮ ಶಿಕ್ಷಕನೊಬ್ಬನು ಬರೆದನೆಂದರೆ ಯಾರು ಓದುತ್ತಾರೆ, ಯಾರು ಅಚ್ಚುಹಾಕುತ್ತಾರೆ ಎಂಬ ಅಳುಕು ಅವನನ್ನು ಕಾಡಿರಬಹುದು. ಹೆಸರಿನ ಹಂಬಲವೇ ಅವನಿಗೆ ಇದ್ದಿಲ್ಲದಿರಲೂಬಹುದು. ಅಂತೂ ಕೃತಿಗೆ ಮನ್ನಣೆ ದೊರೆಯಿತು. ಕೃತಿಕಾರನು ಮರೆಯಲ್ಲಿಯೇ ಉಳಿದನು.

ಮುದ್ದಣನ ಬಾಳನ್ನು ಮೊಟಕುಮಾಡಿದ ಕ್ಷಯರೋಗದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು. ಇದು ಮನುಷ್ಯನಷ್ಟೇ ಹಳೆಯ ಶತ್ರು. ನಮ್ಮ ವೈದ್ಯಗ್ರಂಥಗಳು ಇದನ್ನು ರಾಜಯಕ್ಷ್ಮವೆಂದು ಕರೆದಿವೆ. ಜ್ವರದಂತೆ ಥಟ್ಟನೆ ಬಂದು ಥಟ್ಟನೆ ಹೋಗುವ ರೋಗ ಇದಲ್ಲ. ದೇಹವನ್ನು ದಿನದಿನಕ್ಕೆ ಕ್ಷಯಿಸುವುದರಿಂದಲೇ ಇದಕ್ಕೆ ಕ್ಷಯವೆಂಬ ಹೆಸರು. ಇದು ವಂಶದಿಂದ ಬರುವ ದೋಷವೆಂದು ಕೆಲವರೂ, ಪೂರ್ವಜನ್ಮದ ಪಾಪದ ಫಲವೆಂದು ಕೆಲವರೂ ಬಹುಕಾಲ ನಂಬಿದ್ದರು. 1882ನೆಯ ಇಸವಿ ಮಾರ್ಚ್ 24ರಂದು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಬರ್ಲಿನ್ ನಗರದಲ್ಲಿ ವಿಜ್ಞಾನಿಗಳ ಮುಂದೆ ಈ ರೋಗದ ಕಾರಣವನ್ನು ಪ್ರಕಟಿಸಿದನು. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಕಡ್ಡಿಯಾಕಾರದ ರೋಗಾಣುವೊಂದು ಇದಕ್ಕೆ ಮೂಲವೆಂಬುದು ಅಂದು ಸಿದ್ಧವಾಯಿತು. ಆಗ ಮುದ್ದಣನು 12 ವರ್ಷದ ಬಾಲಕ.

ಕ್ಷಯರೋಗಿಯು ಕೆಮ್ಮಿದಾಗ, ಸೀನಿದಾಗ ಹೊರಬೀಳುವ ಸೂಕ್ಷ್ಮ ಹನಿಗಳಲ್ಲಿ ಈ ರೋಗಾಣುಗಳಿರುತ್ತವೆ. ಗಾಳಿಯಾಡದ ಕತ್ತಲೆಯ ಕೋಣೆಗಳಲ್ಲಿ ಅವು ಗಂಟೆಗಟ್ಟಲೆ ತೇಲಾಡುತ್ತವೆ. ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ನೆಲೆಸುತ್ತವೆ. ಅಲ್ಲಿ ದೇಹದ ರಕ್ಷಕ ಕಣಗಳು ಅವುಗಳನ್ನು ಸುತ್ತುವರಿದು ಸೆರೆಯಲ್ಲಿಡುತ್ತವೆ. ಸೋಂಕು ತಗುಲಿದವರಲ್ಲಿ ಬಹುಪಾಲು ಜನ ರೋಗಿಗಳಾಗದಿರುವುದು ಇದರಿಂದಲೇ. ಆದರೆ ಸೆರೆಯಲ್ಲಿರುವ ಶತ್ರು ಸತ್ತಿರುವುದಿಲ್ಲ. ಊಟ ಸಾಲದೆ, ದುಡಿಮೆ ಹೆಚ್ಚಾಗಿ, ನಿದ್ರೆ ಕೆಟ್ಟು ದೇಹವು ಸೊರಗಿದರೆ ಅದು ಸೆರೆಯೊಡೆದು ಹೊರಬರುತ್ತದೆ. ಇತರ ಹಲವು ರೋಗಾಣುಗಳು ಅರ್ಧಗಂಟೆಯೊಳಗೆ ಇಮ್ಮಡಿಯಾದರೆ ಇದಕ್ಕೆ ಇಮ್ಮಡಿಯಾಗಲು ಹೆಚ್ಚು ಕಡಮೆ ಒಂದು ದಿನ ಬೇಕು. ಆ ನಿಧಾನವೇ ಇದರ ಬಲ. ರೋಗಿಗೆ ಮೊದಮೊದಲು ಆಗಾಗ ಕೆಮ್ಮು, ಸಂಜೆಯ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ಊಟದಲ್ಲಿ ಅರುಚಿ ಇಷ್ಟೇ ಕಾಣುತ್ತದೆ. ತಿಂಗಳುಗಳು ಕಳೆದಂತೆ ಮೈ ಇಳಿಯುತ್ತದೆ. ಶ್ವಾಸಕೋಶದಲ್ಲಿ ಕುಳಿಗಳು ಬೀಳುತ್ತವೆ. ಕೊನೆಗೆ ಕಫದೊಡನೆ ರಕ್ತ ಬರುತ್ತದೆ.

ಔಷಧವಿಲ್ಲದ ಕಾಲದಲ್ಲಿ ಇಂತಹ ರೋಗಿಯ ಗತಿ ಏನಾಗುತ್ತಿತ್ತು? ಕಫದಲ್ಲಿ ರೋಗಾಣುಗಳು ಕಾಣುವ ಹಂತವನ್ನು ಮುಟ್ಟಿದವರಲ್ಲಿ ನೂರಕ್ಕೆ ಸುಮಾರು 70 ಜನ ಹತ್ತು ವರ್ಷಗಳೊಳಗೆ ಸಾಯುತ್ತಿದ್ದರು. ರೋಗವು ತಲೆದೋರಿದಂದಿನಿಂದ ಸಾವೋ ಗುಣವೋ ಯಾವುದಾದರೊಂದು ನಿರ್ಣಯವಾಗುವುದಕ್ಕೆ ಸರಾಸರಿ ಮೂರು ವರ್ಷ ಹಿಡಿಯುತ್ತಿತ್ತು. ಕೆಲವರು ತಾವಾಗಿ ಗುಣಹೊಂದುತ್ತಿದ್ದರು. ಆದರೆ ಯಾರು ಉಳಿಯುವರು, ಯಾರು ಅಳಿಯುವರು ಎಂಬುದನ್ನು ಹೇಳುವ ಶಕ್ತಿ ಯಾವ ವೈದ್ಯನಿಗೂ ಇರಲಿಲ್ಲ. ಒಳ್ಳೆಯ ಗಾಳಿ, ಪುಷ್ಟಿಯಾದ ಆಹಾರ, ಸಂಪೂರ್ಣ ವಿಶ್ರಾಂತಿ ಇವೇ ಅಂದಿನ ಚಿಕಿತ್ಸೆ. ಯೂರೋಪಿನ ಸಿರಿವಂತರು ಬೆಟ್ಟದ ಮೇಲಿನ ಆರೋಗ್ಯಧಾಮಗಳಿಗೆ ಹೋಗಿ ವರ್ಷಗಟ್ಟಲೆ ಮಲಗಿರುತ್ತಿದ್ದರು. ನಮ್ಮ ದೇಶದಲ್ಲಿ ಅಂತಹ ಆರೋಗ್ಯಧಾಮಗಳು ತಲೆಯೆತ್ತಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಅಲ್ಪ ಸಂಬಳದ ಉಪಾಧ್ಯಾಯನಿಗೆ ಪುಷ್ಟಿಯಾದ ಆಹಾರವೆಲ್ಲಿ? ಕೆಲಸ ಬಿಟ್ಟರೆ ಮನೆ ನಡೆಯದು; ವಿಶ್ರಾಂತಿಯೆಲ್ಲಿ?

ಕ್ಷಯವು ಬಡವರನ್ನಷ್ಟೇ ಹುಡುಕಿಕೊಂಡು ಹೋಗುತ್ತಿತ್ತೆಂದು ತಿಳಿಯಬಾರದು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದೇ ರೋಗಕ್ಕೆ ಬಲಿಯಾದರು. ಅರಮನೆಯ ವೈಭವವಾಗಲಿ ರಾಜವೈದ್ಯರ ಉಪಚಾರವಾಗಲಿ ಅವರನ್ನು ಉಳಿಸಲಿಲ್ಲ. ಅವರ ನೆನಪಿಗಾಗಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವು ಸ್ಥಾಪಿತವಾಯಿತು. ಒಂದು ಮನೆತನದ ದುಃಖವು ಸಾವಿರಾರು ಮನೆಗಳಿಗೆ ಆಸರೆಯಾಯಿತು. ಆದರೆ ಅದೂ ಮುದ್ದಣನ ಕಾಲಕ್ಕೆ ಬಹು ತಡವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳು ಮುದ್ದಣನ ಬಾಳಿನ ಕೊನೆಯ ವರ್ಷಗಳೂ ಆದುವು. ಬಡತನ, ಹಗಲಿನ ದುಡಿಮೆ, ಬಿಡುವಿಲ್ಲದ ಬರವಣಿಗೆ ಇವುಗಳಿಂದ ಬಳಲಿದ ದೇಹವನ್ನು ಕ್ಷಯವು ಆಕ್ರಮಿಸಿತು. ಸೋಜಿಗದ ಸಂಗತಿಯೆಂದರೆ, ಅವನ ಕೃತಿಗಳಲ್ಲೆಲ್ಲ ಹೆಚ್ಚು ನಗುವುಳ್ಳ, ಹೆಚ್ಚು ಜೀವಕಳೆಯುಳ್ಳ ಶ್ರೀ ರಾಮಾಶ್ವಮೇಧವು ಈ ಕೊನೆಯ ವರ್ಷಗಳ ಫಲ. ಶೇಷರಾಮಾಯಣದ ಕಥೆಯನ್ನು ಆಧರಿಸಿದ ಈ ಗದ್ಯಕಾವ್ಯವು ಮೈಸೂರಿನ ಕಾವ್ಯಕಲಾನಿಧಿ ಎಂಬ ಗ್ರಂಥಮಾಲೆಯ ಮೂಲಕ ಓದುಗರನ್ನು ಮುಟ್ಟಿತು.

ರಾಮಾಶ್ವಮೇಧದ ಕಥೆಗಿಂತಲೂ ಆ ಕಥೆಯನ್ನು ಹೇಳುವ ಬಗೆಯು ಹೆಚ್ಚು ಪ್ರಸಿದ್ಧವಾಯಿತು. ಮಳೆಗಾಲದ ಒಂದು ಸಂಜೆ ಮುದ್ದಣನೆಂಬ ಕವಿಯು ದಣಿದು ಮನೆಗೆ ಬರುತ್ತಾನೆ. ಮಡದಿ ಮನೋರಮೆಯು ಅವನನ್ನು ಆದರದಿಂದ ಎದುರುಗೊಂಡು, ಉಪಚರಿಸಿ, ಬೇಸರ ಕಳೆಯಲು ಒಂದು ಕಥೆಯನ್ನು ಹೇಳೆಂದು ಕೇಳುತ್ತಾಳೆ. ಯಾವ ಕಥೆ, ಯಾವ ಧಾಟಿ ಎಂಬ ಚರ್ಚೆ ಇಬ್ಬರಿಗೂ ನಡೆಯುತ್ತದೆ. ಪದ್ಯವು ಬೇಡ, ಮನಸ್ಸಿಗೆ ಹಿಡಿಸುವ ಗದ್ಯವೇ ಬೇಕೆಂದು ಅವಳು ಹಟಹಿಡಿಯುತ್ತಾಳೆ. ಅವನು ಸಂಸ್ಕೃತ ಪದಗಳನ್ನು ಹೆಚ್ಚಾಗಿ ಬೆರೆಸಿದರೆ ತಡೆಯುತ್ತಾಳೆ. ತಿಳಿಯಾದ ಕನ್ನಡವನ್ನು ಬೇಡುತ್ತಾಳೆ. ಕಥೆಯ ನಡುನಡುವೆ ಪ್ರಶ್ನೆ ಕೇಳುತ್ತಾಳೆ, ಕೊಂಕು ನುಡಿಯುತ್ತಾಳೆ, ಸೀತೆಯ ಪಾಡಿಗೆ ಮರುಗುತ್ತಾಳೆ. ಸಾವಿರ ವರ್ಷಗಳ ಕಾಲ ಪದ್ಯವೇ ಆಳಿದ ಕನ್ನಡದಲ್ಲಿ ಗದ್ಯಕ್ಕೆ ಪಟ್ಟಕಟ್ಟಿದವಳು ಈ ಮನೋರಮೆ. ಕಮಲಾಬಾಯಿಯೇ ಮನೋರಮೆಯಾಗಿ ಕಾವ್ಯದಲ್ಲಿ ಮೂಡಿರುವಳೆಂದು ಓದುಗರು ಭಾವಿಸುತ್ತಾರೆ.

ಈ ಸಲ್ಲಾಪವನ್ನು ಓದುವಾಗ ಅದನ್ನು ಬರೆದವನ ಸ್ಥಿತಿಯು ನೆನಪಿಗೇ ಬರುವುದಿಲ್ಲ. ಅದರಲ್ಲಿ ಕೆಮ್ಮಿನ ಸುಳಿವಿಲ್ಲ, ಸಾವಿನ ನೆರಳಿಲ್ಲ, ಬಡತನದ ಗೊಣಗಾಟವಿಲ್ಲ. ಬಡತನದ ಮಾತು ಬಂದರೂ ಅದು ಗಂಡಹೆಂಡಿರ ಹಾಸ್ಯವಾಗಿ ಬರುತ್ತದೆ. ತನಗೆ ದೊರೆಯದ ನೆಮ್ಮದಿಯನ್ನು ಅವನು ಓದುಗರಿಗೆ ಧಾರೆಯೆರೆದನು. ರೋಗವು ಅವನ ಉಸಿರನ್ನು ಕಸಿದುಕೊಳ್ಳಬಲ್ಲುದಾಗಿತ್ತು. ಅವನ ನಗೆಯನ್ನು ಕಸಿದುಕೊಳ್ಳಲಾರದೆ ಹೋಯಿತು.

1901ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಮುದ್ದಣನು ತೀರಿಕೊಂಡನು. ಹೊಸ ಶತಮಾನದ ಎರಡನೆಯ ತಿಂಗಳು ಅದು. ಎಳೆಯ ಹೆಂಡತಿ, ಸಣ್ಣ ಮಗ, ಕೆಲವು ಹಸ್ತಪ್ರತಿಗಳು ಇವಿಷ್ಟೇ ಅವನ ಹಿಂದೆ ಉಳಿದ ಆಸ್ತಿ. ರಾಮಾಶ್ವಮೇಧವನ್ನು ಓದಿ ಮೆಚ್ಚಿದವರಲ್ಲಿ ಹಲವರಿಗೆ ಅದರ ಕವಿಯು ತಮ್ಮ ಕಾಲದವನೆಂಬುದೇ ತಿಳಿದಿರಲಿಲ್ಲ. ಮುದ್ದಣನೆಂಬವನು ಎಂದೋ ಬಾಳಿದ್ದ ಪ್ರಾಚೀನ ಕವಿಯೆಂದೇ ಅವರು ತಿಳಿದಿದ್ದರು. ಹಲವು ವರ್ಷಗಳು ಕಳೆದ ಮೇಲೆ ವಿದ್ವಾಂಸರ ಶೋಧನೆಯಿಂದ ಸತ್ಯವು ಹೊರಬಿದ್ದಿತು. ನಂದಳಿಕೆಯ ಲಕ್ಷ್ಮೀನಾರಣಪ್ಪನೇ ಆ ಮುದ್ದಣನೆಂದು ನಾಡಿಗೆ ತಿಳಿಯಿತು. ಅಭಿನಂದನೆಯ ಮಾತುಗಳು ಬಂದುವು. ಅವುಗಳನ್ನು ಕೇಳಬೇಕಾದವನು ಇರಲಿಲ್ಲ.

ಮುದ್ದಣನು ತೀರಿಕೊಂಡಾಗ ಅವನ ವಯಸ್ಸು 31. ರನ್ನನ ಆಯುಷ್ಯವೂ 31 ವರ್ಷಕ್ಕೇ ಮುಗಿದಿದ್ದರೆ ಕನ್ನಡಕ್ಕೆ ಅಜಿತಪುರಾಣವು ದೊರೆಯುತ್ತಿರಲಿಲ್ಲ. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಮುದ್ದಣನೊಡನೆ ಏನೇನು ಸತ್ತಿತೆಂಬುದು ಮನಸ್ಸಿಗೆ ಹೊಳೆಯುತ್ತದೆ. ಇನ್ನು ಇಪ್ಪತ್ತು ವರ್ಷ ಅವನು ಬದುಕಿದ್ದರೆ ಹೊಸಗನ್ನಡ ಗದ್ಯದ ಹಾದಿಯನ್ನು ಅವನೇ ಇನ್ನಷ್ಟು ದೂರ ಕಡಿದು ಸರಿಮಾಡುತ್ತಿದ್ದನು. ಒಂದು ರೋಗವು ಒಬ್ಬ ಮನುಷ್ಯನನ್ನು ಮಾತ್ರ ಕೊಲ್ಲುವುದಿಲ್ಲ. ಅವನು ಮಾಡಬೇಕಾಗಿದ್ದ ಕೆಲಸವನ್ನೂ ಕೊಲ್ಲುತ್ತದೆ. ಕವಿಯ ವಿಷಯದಲ್ಲಿ ಈ ನಷ್ಟವು ಎದ್ದುಕಾಣುತ್ತದೆ. ರೈತನ, ನೇಕಾರನ, ತಾಯಿಯ ವಿಷಯದಲ್ಲಿ ಅದು ಎದ್ದುಕಾಣುವುದಿಲ್ಲ. ಆದರೆ ನಷ್ಟವೇನೂ ಕಡಮೆಯಲ್ಲ.

ಮುದ್ದಣನನ್ನು ಉಳಿಸಬಹುದಾಗಿದ್ದ ಔಷಧವು ಅವನು ಸತ್ತು ನಾಲ್ಕು ದಶಕಗಳ ಮೇಲೆ ದೊರೆಯಿತು. 1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಅವನ ಶಿಷ್ಯ ಆಲ್ಬರ್ಟ್ ಶಾಟ್ಸ್ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಬೇರ್ಪಡಿಸಿದನು. 1952ರಲ್ಲಿ ಐಸೋನಿಯಜಿಡ್ ಬಳಕೆಗೆ ಬಂದಿತು. ಅನಂತರದ ವರ್ಷಗಳಲ್ಲಿ ಇನ್ನೂ ಕೆಲವು ಔಷಧಗಳು ಸೇರಿಕೊಂಡುವು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನೆಯೊಂದು ಜಗತ್ತಿಗೇ ಹೊಸ ದಾರಿಯನ್ನು ತೋರಿಸಿತು. ಔಷಧವನ್ನು ಸರಿಯಾಗಿ ತೆಗೆದುಕೊಂಡರೆ ಆರೋಗ್ಯಧಾಮದಲ್ಲಿ ಮಲಗಿರುವವನಷ್ಟೇ ಚೆನ್ನಾಗಿ, ಬಡವನು ತನ್ನ ಗುಡಿಸಲಿನಲ್ಲಿದ್ದುಕೊಂಡೇ ಗುಣವಾಗುತ್ತಾನೆ ಎಂಬುದು ಅದರಿಂದ ಸಿದ್ಧವಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಯಾಯಿತು.

ಈ ಸಂಸ್ಥೆಯು 1960ರ ದಶಕದಲ್ಲಿ ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಐದು ವರ್ಷಗಳ ಕಾಲ ಕ್ಷಯರೋಗಿಗಳ ಪರಿಸ್ಥಿತಿಯನ್ನು ಗಮನಿಸಿತು. ವ್ಯವಸ್ಥಿತವಾದ ಚಿಕಿತ್ಸೆಯು ಇನ್ನೂ ಆ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಐದು ವರ್ಷಗಳ ಕೊನೆಯಲ್ಲಿ ನೋಡಿದಾಗ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದರು. ಸುಮಾರು ಮೂರನೆಯ ಒಂದು ಪಾಲು ಜನ ತಾವಾಗಿ ಗುಣಹೊಂದಿದ್ದರು. ಉಳಿದವರು ರೋಗವನ್ನು ಹೊತ್ತುಕೊಂಡು, ಇತರರಿಗೂ ಹರಡುತ್ತ, ಬದುಕಿದ್ದರು. ಮುದ್ದಣನ ಕಾಲದಲ್ಲಿ ಇಡೀ ನಾಡಿನ ಪಾಡು ಹೀಗೆಯೇ ಇತ್ತು. ಇಂದು ಆ ಲೆಕ್ಕವು ತಿರುಗುಮುರುಗಾಗಿದೆ. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಔಷಧವನ್ನು ಸೇವಿಸಿದರೆ ನೂರಕ್ಕೆ 85ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಕಫದ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ರೋಗಿಯ ಪೌಷ್ಟಿಕ ಆಹಾರಕ್ಕಾಗಿ 2018ರಿಂದ ಸರ್ಕಾರವು ತಿಂಗಳು ತಿಂಗಳು ಹಣವನ್ನೂ ಕೊಡುತ್ತ ಬಂದಿದೆ.

ಹೀಗಿದ್ದರೂ ಶತ್ರುವು ಸೋತುಹೋಗಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಜನ ಭಾರತದಲ್ಲಿಯೇ ಇದ್ದಾರೆ. ಇದಕ್ಕೆ ಹಲವು ಕಾರಣಗಳಿವೆ. ಒಂದು, ನಾಚಿಕೆ. ಕ್ಷಯವೆಂದರೆ ಮನೆತನಕ್ಕೆ ಕಳಂಕವೆಂದು ಬಗೆದು ರೋಗವನ್ನು ಮುಚ್ಚಿಡುವವರು ಇಂದಿಗೂ ಇದ್ದಾರೆ. ಇನ್ನೊಂದು, ಅವಸರ. ಔಷಧವು ಹೊಟ್ಟೆಗೆ ಬಿದ್ದ ಕೆಲವೇ ವಾರಗಳಲ್ಲಿ ಕೆಮ್ಮು ಕಡಮೆಯಾಗಿ ಮೈಗೆ ಹುರುಪು ಬರುತ್ತದೆ. ಗುಣವಾಯಿತೆಂದು ನಂಬಿ ರೋಗಿಯು ಔಷಧವನ್ನು ನಿಲ್ಲಿಸುತ್ತಾನೆ. ಆಗ ಅಳಿದುಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಬಲಿತುಕೊಳ್ಳುತ್ತವೆ; ಎರಡನೆಯ ಸಲ ಬಂದ ರೋಗವು ಮೊದಲಿನದಕ್ಕಿಂತ ಘೋರವಾಗುತ್ತದೆ. ತಡವಾಗಿ ಗುಣವಾದವರಲ್ಲಿಯೂ ಶ್ವಾಸಕೋಶದ ಗಾಯದ ಕಲೆಗಳು ಉಳಿದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವುದುಂಟು.

ಶ್ವಾಸಕೋಶವನ್ನು ಬಹುಕಾಲ ಪೀಡಿಸುವ ರೋಗ ಕ್ಷಯವೊಂದೇ ಅಲ್ಲ. ಬೀಡಿ ಸಿಗರೇಟುಗಳ ಹೊಗೆ, ಕಿಟಕಿಯಿಲ್ಲದ ಅಡುಗೆಮನೆಯ ಒಲೆಯ ಹೊಗೆ, ಕಲ್ಲುಕ್ವಾರಿಯ ದೂಳು, ಹತ್ತಿಯ ಗಿರಣಿಗಳ ದೂಳು ಇವೂ ಉಸಿರಿನ ದಾರಿಯನ್ನು ವರ್ಷವರ್ಷಕ್ಕೆ ಕಿರಿದು ಮಾಡುತ್ತವೆ. ರಬಕವಿ ಬನಹಟ್ಟಿಗಳಂತಹ ನೇಕಾರರ ಊರುಗಳಲ್ಲಿಯೂ, ಹೊಲಗದ್ದೆಗಳ ನಡುವಿನ ಹಳ್ಳಿಗಳಲ್ಲಿಯೂ ಹಿರಿಯರ ಕೆಮ್ಮನ್ನು ವಯಸ್ಸಿನ ಸಹಜ ಗುಣವೆಂದು ತಳ್ಳಿಹಾಕುವುದು ಸರಿಯಲ್ಲ. ಎರಡು ವಾರಗಳಿಗೆ ಮೀರಿದ ಕೆಮ್ಮನ್ನು ವೈದ್ಯರಿಗೆ ತೋರಿಸಬೇಕು. ಕೆಮ್ಮುವಾಗ ಬಾಯಿಗೆ ಬಟ್ಟೆಯನ್ನು ಹಿಡಿಯುವುದು, ಕಂಡಕಂಡಲ್ಲಿ ಉಗುಳದಿರುವುದು, ಮನೆಯೊಳಗೆ ಗಾಳಿ ಬೆಳಕುಗಳು ಬರುವಂತೆ ನೋಡಿಕೊಳ್ಳುವುದು ಇವು ಚಿಕ್ಕ ಕೆಲಸಗಳು. ಇವುಗಳಿಂದ ಉಳಿಯುವ ಜೀವಗಳು ಚಿಕ್ಕವಲ್ಲ.

ನಂದಳಿಕೆಯ ಜನ ತಮ್ಮ ಕವಿಯ ಸ್ಮರಣೆಯನ್ನು ಅಭಿಮಾನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಘಟಪ್ರಭೆಯ ಸೀಮೆಯಲ್ಲಿ ಒಂದು ಊರು ರನ್ನನ ಹೆಸರನ್ನು ಹೊತ್ತು ನಿಂತಿದೆ. ಒಬ್ಬನು ಬಳೆಗಾರರ ಮಗ. ಇನ್ನೊಬ್ಬನು ಕಸರತ್ತು ಕಲಿಸುವ ಉಪಾಧ್ಯಾಯ. ಇಬ್ಬರ ಹುಟ್ಟಿನಲ್ಲಿಯೂ ಸಿರಿಯಿರಲಿಲ್ಲ. ಇಬ್ಬರ ನುಡಿಯಲ್ಲಿಯೂ ಸಿರಿಯಿತ್ತು. ಒಬ್ಬನಿಗೆ ಕಾಲವು ಕಾದುಕೊಂಡು ನಿಂತಿತು. ಇನ್ನೊಬ್ಬನನ್ನು ಕಾಲವು ಅವಸರಪಡಿಸಿತು. ಮುದ್ದಣನಿಗೆ ಇಲ್ಲದಿದ್ದ ಔಷಧವು ಇಂದು ಊರೂರಿನ ಆಸ್ಪತ್ರೆಯಲ್ಲಿದೆ. ಅದನ್ನು ರೋಗಿಯ ಕೈಗೆ ಮುಟ್ಟಿಸುವ ತಿಳಿವಳಿಕೆಯೂ, ಆರು ತಿಂಗಳು ಬಿಡದೆ ಸೇವಿಸುವ ತಾಳ್ಮೆಯೂ ನಮ್ಮಲ್ಲಿರಬೇಕು. ಎಲ್ಲಿಯೋ ಒಂದು ಹಳ್ಳಿಯಲ್ಲಿ, ಯಾರಿಗೂ ತಿಳಿಯದಂತೆ ಬರೆಯುತ್ತ, ದುಡಿಯುತ್ತ ಕುಳಿತಿರುವ ಇನ್ನೊಬ್ಬ ಮುದ್ದಣನು 31 ವರ್ಷಕ್ಕೇ ಕಣ್ಮುಚ್ಚದಂತೆ ನೋಡಿಕೊಳ್ಳುವುದೇ ಆ ಕವಿಗೆ ನಾಡು ಸಲ್ಲಿಸಬಹುದಾದ ನಿಜವಾದ ಗೌರವ.